ಸೂರಿಗೆ ಹೊಲಿದ ಅಂಚು

ಮನೆ ಮಾಲೀಕ ಬಲು ಸಭ್ಯಸ್ಥ. ಖಾಲಿ ಮಾಡಿ ಎಂದು ಬಾಯಿಬಿಟ್ಟು ಹೇಳಲಿಲ್ಲ. ‘ಮನೆ ಬಾಡಿಗೆಗೆ ಇದೆ’ ಎಂಬ ಬಟ್ಟೆಯ ಬ್ಯಾನರನ್ನು ಒಳಗಿದ್ದವಳ ಕೈಯಲ್ಲೇ ಹೊಲಿಸಿ ಗೇಟಿಗೆ ಕಟ್ಟಿದ. ಹೊಲಿದ ದರ್ಜಿ ಹನ್ನೊಂದು ವರ್ಷ ಅದೇ ಮನೆಯಲ್ಲಿ ಮಷೀನು ತುಳಿದವಳು. ಅವಳ ಗಂಡ ಗಾರೆಯವನು. ಊರವರಿಗೆಲ್ಲ ಗೋಡೆ ಎಬ್ಬಿಸಿದವನಿಗೆ ಒರಗಲು ಸ್ವಂತದ್ದೊಂದು ಗೋಡೆಯಿರಲಿಲ್ಲ. ಇಬ್ಬರೂ ಗುಜರಿಯಿಂದ ಹಳೇ ವ್ಯಾನು ತಂದು ಅದರ ಬೆನ್ನ ಮೇಲೆ ಪ್ಲೈವುಡ್ಡಿನ ಮನೆ ಕಟ್ಟಿದರು. ಇನ್ನು ಯಾರಾದರೂ ಹೋಗಿ ಎಂದರೆ ಮನೆ ಸಮೇತ ಹೊರಡುವುದೇ.

ಉಳಿದದ್ದು ಸೂರು. ಹೊರಡುವುದು ನಾಳೆ, ಮೋಡ ಕಟ್ಟಿದ್ದು ಇವತ್ತು. ಸೋರಿದರೆ ಪ್ಲೈವುಡ್ಡು ಪದರು ಪದರಾಗಿ ಬಿಚ್ಚುತ್ತದೆ. ಕೆಳಗಿಟ್ಟ ಅವಳ ಮಷೀನು ತುಕ್ಕು ಹಿಡಿದರೆ ಮೂವರ ಹೊಟ್ಟೆಗೂ ಬೀಗ. ಮೂರನೆಯವಳು ಅತ್ತೆ, ಅಂಗಳದಲ್ಲಿ ಸ್ಟೂಲು ಹಾಕಿಕೊಂಡು ಮೇಲ್ವಿಚಾರಣೆಗೆ ಕೂತಿದ್ದಳು.

ಅಂಗಡಿಯವನು ಹೇಳಿಕೊಟ್ಟದ್ದು ಸರಳ. ಹಲಗೆ ಮೇಲೆ ಫೈಬರ್‌ಗ್ಲಾಸ್ ಎಂಬ ಗಾಜಿನ ನೂಲಿನ ಬಟ್ಟೆ ಹಾಸಿ, ಅಂಚನ್ನು ಗೋಡೆಯ ಮೇಲೂ ಇಳಿಸಿ, ಎರಡು ಡಬ್ಬಿಯ ಎಪಾಕ್ಸಿ ಅಂಟನ್ನು ಅಳೆದು ಕಲಸಿ, ರೋಲರಿನಿಂದ ಉಣಿಸಬೇಕು. ಬಿಳೀ ಬಟ್ಟೆ ಕಣ್ಣಿಗೆ ಕಾಣದಂತಾದರೆ ಸರಿಯಾಗಿ ಹೀರಿದೆ ಎಂದರ್ಥ. ಕಲಸಿದ ಮೇಲೆ ಅರ್ಧ ಗಂಟೆಯೇ ಗಡುವು, ಆಮೇಲೆ ಬಿಸಿಯೇರಿ ಕಲ್ಲಾಗುತ್ತದೆ.

ಬಟ್ಟೆ ಅಂದಮೇಲೆ ಅದು ತನ್ನ ಇಲಾಖೆ ಎಂದಳು ದರ್ಜಿ. ಅಂಚಿನಲ್ಲಿ ನೂಲು ಬಿಚ್ಚಿಕೊಳ್ಳುತ್ತಿದ್ದದ್ದನ್ನು ಕಂಡು ಕೈ ತಡೆಯಲಿಲ್ಲ. ಸುತ್ತಲೂ ಎರಡು ಮಡಿಕೆ ಮಡಚಿ ಹೊಲಿದೇಬಿಟ್ಟಳು. ಗಾಜಿನ ನೂಲು ಹೇಳಬಾರದ ಜಾಗಗಳಲ್ಲೆಲ್ಲ ನವೆ ಎಬ್ಬಿಸಿತು. ಆದರೂ ಅಂಚು ಹೊಲಿಯದ ಬಟ್ಟೆ ಅವಳ ಕೈಯಿಂದ ಹೊರಬಿದ್ದ ಇತಿಹಾಸವೇ ಇರಲಿಲ್ಲ.

ಎಪಾಕ್ಸಿ ಉಣಿಸಿದಾಗ ನಡುವಿನ ಬಟ್ಟೆ ಮಾಯವಾಯಿತು. ಅಂಚು ಮಾತ್ರ ಹಠಮಾರಿಯಂತೆ ಬೆಳ್ಳಗೆ ಉಬ್ಬಿ ನಿಂತಿತು. ಮಡಿಕೆಯೊಳಗೆ ಗಾಳಿ, ಗಾಳಿ ಇದ್ದಲ್ಲಿ ನಾಳೆ ನೀರು. ಗಂಡ ರೋಲರು ಒತ್ತಿದ, ಮೊಣಕೈ ಒತ್ತಿದ. ಜಗ್ಗಲಿಲ್ಲ.

“ಸೂರಿಗೂ ಲಂಗಕ್ಕೂ ವ್ಯತ್ಯಾಸ ಗೊತ್ತಿಲ್ವೇನೇ?” ಎಂದಳು ಅತ್ತೆ ಕೆಳಗಿನಿಂದ.

ದರ್ಜಿ ತಾನು ಹೊಲಿದ ಅಂಚನ್ನು ತಾನೇ ಕತ್ತರಿಸಿ ತೆಗೆದಳು. ಗಿಡ್ಡವಾದ ಬಟ್ಟೆ ಮೂರು ಕಡೆ ಹೇಗೋ ಗೋಡೆಯ ಮೇಲೆ ಇಳಿಯಿತು. ಹಿಂಬದಿಯಲ್ಲಿ, ಸೂರೂ ಗೋಡೆಯೂ ಕೂಡುವಲ್ಲೇ, ಗೇಣಗಲ ಬರಿ ಹಲಗೆ ಹಲ್ಲು ಕಿಸಿಯಿತು. ಕತ್ತರಿಸಿದ ಚೂರುಗಳು ಸುರುಟಿ ಗಟ್ಟಿಯಾಗಿದ್ದವು. ಡಬ್ಬಿಯ ಎಪಾಕ್ಸಿ ಬಿಸಿಯಾಗತೊಡಗಿತ್ತು. ಅಂಗಡಿಗೆ ಹೋಗಿಬರಲು ಒಂದು ಗಂಟೆ.

“ರೀ, ಉದ್ದದ ಬಟ್ಟೆ ಯಾವುದಾದ್ರೂ ಸರಿ, ಬೇಗ.”

ಗಂಡ ಸುತ್ತ ನೋಡಿದ. ಗೇಟಿನ ಮೇಲೆ ಅವನ ಕಣ್ಣು ನಿಂತಿತು. ಅವಳದ್ದೂ ಅಲ್ಲೇ ಹೋಯಿತು. ಎದ್ದವಳು ಅತ್ತೆ. ಮಂಡಿನೋವಿನ ಮುದುಕಿ ಗೇಟಿನವರೆಗೆ ದಾಪುಗಾಲು ಹಾಕಿ, ಬ್ಯಾನರಿನ ಕಟ್ಟು ಬಿಚ್ಚಿ ಮೇಲಕ್ಕೆಸೆದಳು. ಈ ಸಲ ದರ್ಜಿ ಮೊದಲು ಅಂಚು ಕಿತ್ತಳು, ಆಮೇಲೆ ಹಾಸಿದಳು. ಹತ್ತಿ ಬಟ್ಟೆ ಎಪಾಕ್ಸಿಯನ್ನು ಗಟಗಟ ಕುಡಿಯಿತು. ಒಂದೇ ಒಂದು ಗುಳ್ಳೆ ಏಳಲಿಲ್ಲ.

ಬೆಳಿಗ್ಗೆ ಮಳೆ ಮೊದಲು ಬಂತು, ಮಾಲೀಕ ಆಮೇಲೆ. ದರ್ಜಿ ವ್ಯಾನಿನೊಳಗೆ ಹಿಂಬದಿಯ ಮೂಲೆಗೆ ಅಂಗೈ ಒತ್ತಿ ನಿಂತಿದ್ದಳು. ತಲೆ ಮೇಲೆ ನೀರು ದಬದಬ ಬಡಿಯುತ್ತಿತ್ತು. ಅಂಗೈ ತೆಗೆದು ನೋಡಿದಳು: ಒಣಗಿಯೇ ಇತ್ತು. ಇನ್ನೊಮ್ಮೆ ಒತ್ತಿ ನೋಡಿದಳು.

ಮಾಲೀಕ ಕೊಡೆ ಹಿಡಿದು ಬ್ಯಾನರ್ ಎಲ್ಲಿ ಎಂದು ಕೇಳಿದ. ಗಾಳಿಗೆ ಹಾರಿರಬೇಕು, ಮೇಲೆಲ್ಲೋ ಇರುತ್ತೆ ಎಂದಳು ಅತ್ತೆ. ಹಾಗಾದರೆ ಹೋಗುವ ಮುಂಚೆ ಇನ್ನೊಂದು ಹೊಲಿದುಕೊಟ್ಟು ಹೋಗಮ್ಮ, ನಿನ್ನಷ್ಟು ನೀಟಾಗಿ ಅಂಚು ಯಾರೂ ಹೊಲಿಯಲ್ಲ ಎಂದ ಮಾಲೀಕ.

ಗಂಡ ವ್ಯಾನು ಚಾಲೂ ಮಾಡಿದ. ದರ್ಜಿ ಕಿಟಕಿಯಿಂದ ತಲೆ ಹೊರಹಾಕಿದಳು.

“ಅಂಚು ಹೊಲಿಯೋದು ನಿನ್ನೆಯಿಂದ ಬಿಟ್ಟಿದೀನಿ ಸಾರ್.”