ಒಣಗಿಸುವ ಕೋಣೆಗೆ ಬಾರದ ಪರಿಶೀಲನೆ

ಅದು ಆಸ್ಪತ್ರೆಗಳ ಹಾಸುಹೊದಿಕೆ ಒಗೆದು ಕೊಡುವ ಕಾರ್ಖಾನೆ. ಗಂಡನಿಗೆ ಕೆಳಗಿನ ಹಾಲ್‌ನಲ್ಲಿ ಬಟ್ಟೆ ಮಡಿಸುವ ಕೆಲಸ. ಹೆಂಡತಿಗೆ ಮೇಲಿನ ಒಣಗಿಸುವ ಕೋಣೆಯಲ್ಲಿ. ಒಂದು ಬೆಳಿಗ್ಗೆ ಇಬ್ಬರ ಮೊಬೈಲಿಗೂ ಒಂದೇ ಸಂದೇಶ ಬಂತು: ಗುರುವಾರ ತಿಂಗಳ ಸುರಕ್ಷತಾ ಪರಿಶೀಲನೆ, ಎಲ್ಲವೂ ಸಾಫ್ಟ್‌ವೇರ್‌ನಲ್ಲಿ ದಾಖಲಾಗುತ್ತದೆ.

ಗಂಡ ತಿಂಡಿಯ ತಟ್ಟೆಯನ್ನು ಬದಿಗೆ ಸರಿಸಿದ.

"ಇದ್ಯಾಕೋ ಸರಿ ಕಾಣ್ತಿಲ್ಲ ಕಣೇ. ಸುರಕ್ಷತೆ ಅನ್ನೋದು ಬರೀ ನೆಪ. ನಮ್ಮ ಬ್ಯಾಗ್ ತಡಕಾಡ್ತಾರೆ, ಎಷ್ಟು ಸಲ ಕೂತ್ರು, ಎದ್ರು ಅಂತ ಬರ್ಕೊಳ್ತಾರೆ. ಹೋದ ತಿಂಗಳೂ ಬಂದಿದ್ರಲ್ಲ, ಏನು ನೋಡಿದ್ರು ಅಂತ ಯಾರಿಗಾದ್ರೂ ಗೊತ್ತಾ?"

"ನಮ್ಮ ಕೋಣೆಗಂತೂ ಬರಲಿಲ್ಲ," ಎಂದಳು ಹೆಂಡತಿ.

"ಮತ್ತೆ ಇಡೀ ಕಾರ್ಖಾನೆ ಸುರಕ್ಷಿತ ಅಂತ ಹೇಗೆ ಚೀಟಿ ಅಂಟಿಸಿದ್ರು?"

ಹೆಂಡತಿ ಊಟದ ಡಬ್ಬಿ ಕಟ್ಟಿಕೊಂಡು ಕೆಲಸಕ್ಕೆ ಹೊರಟಳು.

ಸಂಜೆ ಹೆಂಡತಿಯ ಅಕ್ಕ ಬಂದಳು. ಅದೇ ಕಾರ್ಖಾನೆಯಲ್ಲಿ ಯಂತ್ರ ರಿಪೇರಿ ಮಾಡುವವಳು, ಸುರಕ್ಷತಾ ಸಮಿತಿಯಲ್ಲೂ ಇದ್ದಳು. ಗಂಡ ಅವಳನ್ನೂ ಓರೆಗಣ್ಣಿನಿಂದಲೇ ನೋಡಿದ. "ನೀವೂ ಅವರ ಕಡೆಯೋರೇ ತಾನೇ?"

ಅಕ್ಕ ಬೇಸರಪಡದೆ ಮೊಬೈಲಿನಲ್ಲಿ ಪರಿಶೀಲನೆಯ ಸಾಫ್ಟ್‌ವೇರ್ ತೆರೆದಳು. "ಅನುಮಾನ ಪಡೋದು ತಪ್ಪಲ್ಲಪ್ಪ. ಸರಿಯಾದ ಕಡೆ ಪಡಬೇಕು ಅಷ್ಟೆ. ಇಲ್ಲಿ ನೋಡು, 'ವ್ಯಾಪ್ತಿ' ಅಂತಿದೆ. ಯಾವ ಕೋಣೆ, ಯಾವ ಯಂತ್ರ ನೋಡ್ಬೇಕು, ಯಾವುದನ್ನ ಮುಟ್ಟೋ ಹಾಗಿಲ್ಲ, ಎಲ್ಲ ಮೊದಲೇ ಇಲ್ಲಿ ಬರೀಬೇಕು. ಹೋದ ತಿಂಗಳು ಏನು ಬರೆದಿದ್ರು, ಓದು."

ಅಲ್ಲಿ ಇದ್ದದ್ದು ಒಂದೇ ಪದ: ಕಾರ್ಖಾನೆ.

"ಇದು ಬೇಲಿ ಇಲ್ಲದ ಹೊಲ," ಎಂದಳು ಅಕ್ಕ. "ಬೇಡದ ಕಡೆ ನುಗ್ಗಬಹುದು, ಬೇಕಾದ ಕಡೆ ಹೋಗದೇನೂ ಇರಬಹುದು. ಹೋದ ಸಲ ಬಂದವರು ಕೆಳಗಡೆ ಒಂದು ಸುತ್ತು ಹಾಕಿ ಹೊರಟುಹೋದ್ರು."

ಮರುದಿನ ಮೂವರೂ ಮ್ಯಾನೇಜರ್ ಬಳಿ ಹೋದರು. "ಇದನ್ನೆಲ್ಲ ನಿಮಗೆ ಯಾರು ಹೇಳಿಕೊಟ್ರು?" ಎಂದು ಅವರು ಹುಬ್ಬು ಗಂಟಿಕ್ಕಿದರು. "ಸಮಿತಿ ಕೇಳ್ತಿದೆ ಸರ್," ಎಂದಳು ಅಕ್ಕ. ಕೊನೆಗೆ ಅವರು ವ್ಯಾಪ್ತಿಯಲ್ಲಿ ಬರೆದರು: ಕೆಳಗಿನ ಹಾಲ್, ಒಣಗಿಸುವ ಕೋಣೆ, ಎಲ್ಲ ಯಂತ್ರಗಳು, ತುರ್ತು ಬಾಗಿಲುಗಳು. ಕೆಲಸಗಾರರ ಸ್ವಂತ ಸಾಮಾನು ಸೇರಿಲ್ಲ.

ಗುರುವಾರ ಪರಿಶೀಲಕಿ ಮೇಲೆ ಹತ್ತಿದಳು. ಒಣಗಿಸುವ ಕೋಣೆಯ ತುರ್ತು ಬಾಗಿಲನ್ನು ತಳ್ಳಿದಳು. ಅದು ಅಲುಗಲಿಲ್ಲ. ಆಚೆ ಕಡೆ ಹಳೆಯ ಹಾಸುಹೊದಿಕೆಗಳ ಮೂಟೆಗಳನ್ನು ಚಾವಣಿಯವರೆಗೆ ಒಟ್ಟಿದ್ದರು. ಒಳಗೆ ಎಂಟು ಹೆಂಗಸರು ದುಡಿಯುತ್ತಿದ್ದರು.

ಆಗ ಹೆಂಡತಿ ಮೆಲ್ಲಗೆ ಬಾಯಿ ಬಿಟ್ಟಳು. "ಹದಿನೈದು ದಿನದ ಹಿಂದೆ ಮೂರನೇ ಯಂತ್ರದಲ್ಲಿ ಹೊಗೆ ಬಂದಿತ್ತು. ಒದ್ದೆ ಬಟ್ಟೆ ಹಾಕಿ ಆರಿಸಿದ್ವಿ."

ಸುದ್ದಿ ಕೇಳಿ ಗಂಡ ಮೆಟ್ಟಿಲು ಹತ್ತಿ ಓಡಿ ಬಂದ. "ನನಗ್ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀನು ಕೆಲಸ ಬಿಡು ಅಂತಿದ್ದೆ."

ಅವನು ಅಂಗಿಯ ತೋಳು ಮಡಚಿದ. ಮೂಟೆ ಎತ್ತುವವರ ಜೊತೆ ತಾನೂ ಹೆಗಲು ಕೊಟ್ಟ. ಮಧ್ಯಾಹ್ನದೊಳಗೆ ಬಾಗಿಲು ತೆರೆಯಿತು. ಮೂರನೇ ಯಂತ್ರವನ್ನು ರಿಪೇರಿಗೆ ನಿಲ್ಲಿಸಿದರು. ಯಾರ ಬ್ಯಾಗನ್ನೂ ಯಾರೂ ಮುಟ್ಟಲಿಲ್ಲ.

ಮುಂದಿನ ತಿಂಗಳು ಪರಿಶೀಲನೆಗೆ ಮುಂಚಿನ ಸಭೆಯಲ್ಲಿ ಮೊದಲು ಎದ್ದು ನಿಂತವನು ಗಂಡನೇ. "ವ್ಯಾಪ್ತಿ ಓದಿ ಹೇಳಿ ಸರ್. ಆಮೇಲೆ ಮಿಕ್ಕ ಮಾತು."

ಕೆಲಸಗಾರ ಬಂಧುಗಳೇ, ನಿಮ್ಮಲ್ಲೂ ಪರಿಶೀಲನೆ ನಡೆಯುತ್ತಿರಬಹುದು. ಏನೇನು ನೋಡುತ್ತಾರೆ, ಏನನ್ನು ನೋಡುವುದಿಲ್ಲ ಎಂದು ಮೊದಲೇ ಕೇಳಿ ತಿಳಿದುಕೊಳ್ಳಿ. ನೀವು ನಿಂತು ದುಡಿಯುವ ಜಾಗದ ಹೆಸರು ಅದರಲ್ಲಿ ಇಲ್ಲದಿದ್ದರೆ ಇವತ್ತೇ ಸೇರಿಸಿ. ಹೊಗೆ ಕಾಣುವವರೆಗೆ ಕಾಯಬೇಡಿ.