ಮೂರನೆಯ ಇಂಜೆಕ್ಷನ್

"ಒಪ್ಪಿ ಸೈನ್ ಹಾಕ್ತಿದೀರೇನಮ್ಮ?" ಎಂದು ಸಬ್‌ರಿಜಿಸ್ಟ್ರಾರರು ತಲೆಯೆತ್ತದೆ ಕೇಳಿದರು. ಬೆಳಗಿನಿಂದ ಎಲ್ಲರನ್ನೂ ಕೇಳುತ್ತಿದ್ದ ಮಾತೇ ಅದು. ಎಲ್ಲರೂ ಹೂಂ ಅಂದು ಪೆನ್ನು ಹಿಡಿಯುತ್ತಿದ್ದರು.

"ಇಲ್ಲ ಸ್ವಾಮಿ, ಒಪ್ಪಿಲ್ಲ" ಅಂದಳು ಮುನಿಲಕ್ಷ್ಮಮ್ಮ.

ಪಕ್ಕದಲ್ಲಿ ನಿಂತಿದ್ದ ಅಣ್ಣ ದೊಡ್ಡಬೈರಪ್ಪನ ಮುಖ ಬಿಳುಚಿಕೊಂಡಿತು. ಹನುಮಂತನಗರದಲ್ಲಿದ್ದ ಅಪ್ಪನ ಸೈಟನ್ನು ಅವನು ಹನುಮಂತಯ್ಯ ಎಂಬವರಿಗೆ ಮಾರಹೊರಟಿದ್ದ. ಪಾಲು ಬೇಡವೆಂದು ತಂಗಿ ಬರೆದುಕೊಡಬೇಕಿತ್ತು. ಒಂದು ಸೀರೆ, ಒಂದು ತೆಂಗಿನಕಾಯಿ ಮಡಿಲಿಗೆ ಹಾಕಿಸಿಕೊಂಡು ರುಜು ಮಾಡುವುದು ಆ ಮನೆತನದ ಹೆಣ್ಣುಮಕ್ಕಳ ರೂಢಿ. ಬೆಳಿಗ್ಗೆ ಅವಳೂ ಹಾಕಿಸಿಕೊಂಡಿದ್ದಳು. ಆಗುವುದಿಲ್ಲ ಎಂದು ಅಲ್ಲೇ ಅನ್ನಬಹುದಿತ್ತು. ನಾಲ್ಕು ಜನ ಎದುರಿಗಿರಲಿ ಅಂತ ಕಾದಳು.

ಮಗಳು ಹೇಮಶ್ರೀಗೆ ದೊಡ್ಡ ಕರುಳಿನಲ್ಲಿ ಹುಣ್ಣು. ದಿನಕ್ಕೆ ಹದಿನೈದು ಸಲ ರಕ್ತ ಹೋಗಿ ಹುಡುಗಿ ಹಂಚಿಕಡ್ಡಿಯಂತಾಗಿದ್ದಳು. ಮಾತ್ರೆಗಳಿಗೆ ಬಗ್ಗದ ಕಾಯಿಲೆಗೆ ಹೊರದೇಶದ ಇಂಜೆಕ್ಷನ್, ಒಂದು ಸಲಕ್ಕೆ ಲಕ್ಷದ ಮೇಲೆ. ಚಾಮರಾಜಪೇಟೆಯ ಮನೆಯ ಭೋಗ್ಯದ ಹಣ ಬಿಡಿಸಿಕೊಂಡು, ಯಾರದೋ ಹಿತ್ತಲಿನ ಒಂಟಿ ಕೋಣೆ ಸೇರಿ, ಎರಡು ಕೊಡಿಸಿದ್ದಳು. ರಕ್ತ ನಿಂತಿತ್ತು. ಮೂರನೆಯದು ಇವತ್ತೇ ಆಗಬೇಕು. ತಪ್ಪಿದರೆ ಕರುಳನ್ನೇ ತೆಗೆಯಬೇಕಾದೀತು ಎಂದಿದ್ದರು ಡಾಕ್ಟರು.

ಹೋದ ವಾರ ಮಗಳನ್ನೂ ಕರೆದುಕೊಂಡು ಅಣ್ಣನ ಹತ್ತಿರ ದುಡ್ಡು ಕೇಳಲು ಹೋದಾಗ, ಮನೆಗೆ ಬಂದಿದ್ದ ನೆಂಟರ ಮುಂದೆ ಅವನು ನಕ್ಕಿದ್ದ. "ಹೊಟ್ಟೆ ಕೆಟ್ಟಿದ್ದಕ್ಕೆ ಲಕ್ಷ ಸುರೀತಾರೇನಮ್ಮಿ? ದಾಳಿಂಬೆ ಸಿಪ್ಪೆ ಅರೆದು ಕುಡ್ಸು." ಅವರು ಗೇಟು ದಾಟುವ ಮೊದಲೇ ಅತ್ತಿಗೆ, ಹೇಮಶ್ರೀ ಕೂತಿದ್ದ ಚಾಪೆಯನ್ನು ತೊಳೆಯಲು ಎಸೆದಳು. ಹುಡುಗಿ ಅದನ್ನು ತಿರುಗಿ ನೋಡಿದ್ದಳು.

ದೊಡ್ಡಬೈರಪ್ಪ ತಂಗಿಯ ರಟ್ಟೆ ಹಿಡಿದು ಪಡಸಾಲೆಗೆ ಎಳೆತಂದ.

"ಮರ್ಯಾದೆ ತೆಗೀಬ್ಯಾಡ ಕಣೆ. ಸೈನ್ ಹಾಕು, ಇಂಜೆಕ್ಷನ್ ನಾನು ನೋಡ್ಕೊತೀನಿ."

"ಪಾಲಿನ ಮಾತು ಬ್ಯಾರೆ. ನನ್ನ ಅರ್ಧ ನನ್ನ ಹೆಸರಿಗೇ ಬರ್ಬೇಕು. ಇಂಜೆಕ್ಷನ್ ಈಗ್ಲೇ ತರ್ಬೇಕು, ನೀನೇ ಬಂದು, ನಿನ್ನ ಕೈಯಾರೆ ದುಡ್ಡು ಎಣಿಸಿ."

"ನಾನ್ಯಾಕೆ ಬರ್ಬೇಕು?"

"ಹೊಟ್ಟೆ ಕೆಟ್ರೆ ಏನಾಯ್ತದೆ ಅಂತ ನಿಂಗೂ ಗೊತ್ತಾಗ್ಲಿ."

ಅವನು ಇನ್ನೊಮ್ಮೆ ನಕ್ಕುಬಿಟ್ಟಿದ್ದರೆ ಇಂಜೆಕ್ಷನ್ನಿಗೆ ಅವಳಿಗೆ ಬೇರೆ ದಾರಿಯಿರಲಿಲ್ಲ. ಆದರೆ ಹನುಮಂತಯ್ಯನವರು ಬಾಗಿಲಿಗೆ ಬಂದು, ತಂಗಿಯ ಪಾಲು ಸೇರಿಸಿ ಪತ್ರ ಬೇರೆ ಬರೆಸಿ, ಇಲ್ಲದಿದ್ದರೆ ನನ್ನ ಅಡ್ವಾನ್ಸ್ ವಾಪಸು ಕೊಡಿ ಎಂದರು. ಅಡ್ವಾನ್ಸ್ ಅಣ್ಣನ ಬಗಲಿನ ಚೀಲದಲ್ಲೇ ಇತ್ತು. ಅವನು ಚೀಲವನ್ನು ಅವುಚಿಕೊಂಡು, ಹಾಗೇ ಬರೆಸುತ್ತೇನೆ ಎಂದ. ಆಮೇಲೆ ಆಟೋ ಕರೆದ.

ಔಷಧಿಯ ಗೋದಾಮಿನವನು ಸೀಸೆಗಳನ್ನು ಥರ್ಮೋಕೋಲ್ ಡಬ್ಬಿಯಲ್ಲಿಟ್ಟು, ಸುತ್ತ ಐಸ್ ತುಂಬಿ, ದುಡ್ಡು ಕೊಟ್ಟವನ ಕೈಗೇ ಕೊಟ್ಟ. ಮಾರುಕಟ್ಟೆಯ ಹತ್ತಿರ ಆಟೋ ಸಿಕ್ಕಿಹಾಕಿಕೊಂಡಿತು. ಡಬ್ಬಿಯ ಮೂಲೆಯಿಂದ ತಣ್ಣೀರು ಅಣ್ಣನ ಜರಿಯಂಚಿನ ಪಂಚೆಯ ಮೇಲೆ ತೊಟ್ಟಿಕ್ಕತೊಡಗಿತು.

"ಸೋರ್ತೈತೆ ಕಣಮ್ಮಿ. ಕೆಳಗಿಡ್ಲಾ?"

"ಬ್ಯಾಡ. ಅಲುಗಾಡ್ಬಾರ್ದು."

ಅವನು ಎರಡೂ ಕೈಗಳಲ್ಲಿ ಡಬ್ಬಿಯನ್ನು ಹಿಡಿದು ಕೂತ. ಒದ್ದೆ ತೊಡೆಯಿಂದ ಮೊಣಕಾಲಿಗೆ ಇಳಿಯುತ್ತಿತ್ತು. ಪಕ್ಕದ ಬಸ್ಸಿನ ಕಿಟಕಿಯಿಂದ ಯಾರೋ ಮುಖ ಸಿಂಡರಿಸಿ ಅವನ ಒದ್ದೆ ಪಂಚೆಯನ್ನೇ ನೋಡುತ್ತಿದ್ದರು.