ಹೆಂಗಸರ ಪಾಲಿನ ಗೋಡೆ

ವೀಳ್ಯದೆಲೆಯ ತುದಿಯಿಂದ ಅರುಂಧತಿ ತೀರಿಕೊಂಡ ತಾಯಿಯ ಬಾಯಿಗೆ ನೀರು ಬಿಟ್ಟಳು. ನೀರು ಒಳಗಿಳಿಯದೆ ಕೆನ್ನೆಯ ಮೇಲೆ ಹರಿದು ಚಾಪೆ ಸೇರಿತು.

“ಈಗ್ಲಾದ್ರೂ ಕುಡಿ ಮಂಚಿ. ಇನ್ಯಾವ ಮೀಟಿಂಗ್ಗೂ ಓಗಂಗಿಲ್ಲ,” ಎಂದಳು ಪಕ್ಕದಲ್ಲಿ ಕೂತಿದ್ದ ತಾಯಿಯ ಗೆಳತಿ ಶಿವನಂಜಮ್ಮ. ಅಳುತ್ತಿದ್ದವರಲ್ಲಿ ಒಬ್ಬಿಬ್ಬರು ನಕ್ಕು, ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಮಂಚಮ್ಮ ಒಂದು ಸಲ ಪಂಚಾಯ್ತಿ ಮೆಂಬರಾಗಿದ್ದಳು. ಆಮೇಲೂ ಹೆಂಗಸರ ಪಾಲು ಕೇಳಿಕೊಂಡು ಮಳವಳ್ಳಿ, ಮಂಡ್ಯ ಎಂದು ತಿರುಗುತ್ತಿದ್ದಳು. ಹೊರಡುವ ದಿನ ಹನಿ ನೀರು ಮುಟ್ಟುತ್ತಿರಲಿಲ್ಲ. ಊರ ಬಸ್‌ಸ್ಟಾಪಿನಲ್ಲಿ ಹೆಂಗಸರಿಗೆ ಮರೆ ಎಂಬುದೇ ಇರಲಿಲ್ಲ. ಹಲಗೂರಿನ ಬಸ್ಸಿಗೆ ಹೊತ್ತುಗೊತ್ತಿಲ್ಲ, ಬಂದಾಗಲೇ ಬಂತು. ಎರಡೂ ಕಿಡ್ನಿ ಹೋಗಿವೆ ಎಂದು ಡಾಕ್ಟರು ಹೇಳಿದಾಗ, “ತಡಕಂಡು ತಡಕಂಡು ಅವ್ಕೂ ಬ್ಯಾಸ್ರ ಆಗೈತೆ ಬುಡಿ,” ಎಂದಿದ್ದಳು.

ಅಂಗಳದಲ್ಲಿ ಪಂಚಾಯ್ತಿಯ ಹಿಂದಿನ ಅಧ್ಯಕ್ಷ ಚೌಡಯ್ಯ ಚಟ್ಟಕ್ಕೆ ಹಗ್ಗ ಬಿಗಿಯುತ್ತಿದ್ದ. ಅರುಂಧತಿ ಅವನ ಹತ್ತಿರ ಬಂದಳು.

“ಸುಡುಗಾಡಿಗೆ ಬ್ಯಾಡ ಮಾವ. ಆ ಗೋಡೆ ಒಳಕ್ಕೆ ಬರಾಕಿಲ್ಲ ಅಂದಿತ್ತು ನಮ್ಮವ್ವ.”

“ಇನ್ನೆಲ್ಲಿಗವ್ವಾ ಓಗಾದು? ನಿಮ್ಗೆ ಗೇಣುದ್ದ ಜಮೀನೈತಾ?”



*

ಮಂಚಮ್ಮ ಆ ಮಾತು ಹೇಳಿದ ಗ್ರಾಮಸಭೆ, ಚೌಡಯ್ಯ ಅಧ್ಯಕ್ಷನಾಗಿದ್ದಾಗ, ಶಾಲೆಯ ಜಗಲಿಯಲ್ಲಿ ನಡೆದಿತ್ತು. ಪಂಚಾಯ್ತಿ ಬಜೆಟ್ಟಿನಲ್ಲಿ ಹೆಂಗಸರಿಗೆಂದು ಎತ್ತಿಟ್ಟ ಪಾಲಿನಿಂದ ಬಸ್‌ಸ್ಟಾಪಿನ ಬಳಿ ನೀರಿರುವ ಕಕ್ಕಸು ಕಟ್ಟಿಸಿ ಎಂದು ಮಂಚಮ್ಮ ಕೇಳುತ್ತಲೇ ಬಂದಿದ್ದಳು. ಆ ಪಾಲಿನಲ್ಲಿ ಸುಡುಗಾಡಿಗೆ ಕಾಂಪೌಂಡು ಎಂದು ಚೌಡಯ್ಯ ಓದಿದ.

“ಅದು ಎಂಗಸ್ರ ಕೆಲ್ಸ ಎಂಗಾಯ್ತದೆ?” ಎಂದು ಮಂಚಮ್ಮ ಎದ್ದು ನಿಂತಳು.

“ಯಾಕೆ, ಎಂಗಸ್ರು ಸಾಯಾಕಿಲ್ವಾ?”

ಗಂಡಸರೆಲ್ಲ ಹೋ ಎಂದು ನಕ್ಕರು. ಮಂಚಮ್ಮ ಆ ನಗು ಮುಗಿಯುವವರೆಗೂ ನಿಂತೇ ಇದ್ದಳು.

“ಸಾಯ್ತೀವಿ ಕಣಪ್ಪ. ಸಾಯೋಗಂಟ ಉಚ್ಚೆ ಉಯ್ಯಾಕಿಲ್ವಾ?”

ಈ ಸಲ ಹೆಂಗಸರು ನಕ್ಕರು. ಆದರೆ ಕಾಂಪೌಂಡು ಬೇಡ ಎನ್ನುವವರು ಕೈಯೆತ್ತಿ ಎಂದಾಗ ಮಂಚಮ್ಮನದೊಂದೇ ಕೈ ಮೇಲೆದ್ದಿತು. ಶಿವನಂಜಮ್ಮನ ಕೈಗಳೂ ಸೆರಗಿನೊಳಗೇ ಉಳಿದವು.

“ಸರಿ ಬುಡಿ,” ಎಂದಳು ಮಂಚಮ್ಮ. “ನಾ ಸತ್ರೆ ಆ ಗೋಡೆ ಒಳಕ್ಕೆ ಮಾತ್ರ ತಕ್ಕೊಂಡೋಗ್‌ಬ್ಯಾಡಿ.”

*

ಸುಡುಗಾಡಿನ ದಾರಿಯಲ್ಲಿ, ಊರಾಚೆಯ ಬೇವಿನ ಮರದಡಿ ಚಟ್ಟ ಇಳಿಸಿ ದಿಕ್ಕು ತಿರುಗಿಸಿದರು. ಅಲ್ಲಿಂದ ಹೆಂಗಸರು ಹಿಂತಿರುಗುವುದು ವಾಡಿಕೆ. ಅರುಂಧತಿ ಕದಲಲಿಲ್ಲ.

“ಅವ್ವನ್ ಮಾತು ಉಳಿಸ್ಲಿಲ್ಲ ನಾನು.”

ಶಿವನಂಜಮ್ಮ ಅವಳ ಮುಂಗೈ ಹಿಡಿದಳು. “ನಡಿ. ಅವ್ಳೊಬ್ಳುನ್ನೇ ಯಾಕ್ ಕಳುಸ್ಬೇಕು?”

“ಎಂಗಸ್ರು ಬರಂಗಿಲ್ಲ ಕಣಮ್ಮೋ!” ಚೌಡಯ್ಯ ಕೂಗಿದ.

“ಆ ಗೋಡೆ ಯಾರ್ ಪಾಲಿಂದ್ಲಾ ಚೌಡ?” ಶಿವನಂಜಮ್ಮ ಕೇಳಿದಳು.

ಚೌಡಯ್ಯ ಚಟ್ಟದ ಕಡೆ ನೋಡಿ, ಹೆಗಲು ಕೊಟ್ಟ.

ಗೇಟಿನ ಪಕ್ಕ ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ‘ಮಹಿಳಾ ಅಭಿವೃದ್ಧಿ ಕಾಮಗಾರಿ’ ಎಂದು ಬರೆದಿತ್ತು. ಅದರ ಮುಂದೆ ಹಾದು ಹೆಂಗಸರು ಒಳಗೆ ಹೋದರು. ತಮ್ಮವರೆಲ್ಲ ಮಲಗಿದ್ದ ಆ ಜಾಗವನ್ನು ಅವರು ನೋಡಿದ್ದು ಅದೇ ಮೊದಲು. ಒಬ್ಬೊಬ್ಬರೂ ಗುಂಡಿಗೆ ಒಂದು ಹಿಡಿ ಮಣ್ಣು ಹಾಕಿದರು. ಅರುಂಧತಿ ಮಾತ್ರ ಮುಷ್ಟಿಯ ಮಣ್ಣನ್ನು ಬಿಡಲಾರದೆ ಬಹಳ ಹೊತ್ತು ನಿಂತಳು.

ಗಂಡಸರು ನಾಲೆಗೆ ಮೀಯಲು ಹೊರಟರು. ಬೆಳಗಿನಿಂದ ತಡೆದುಕೊಂಡು ಹೆಣದ ಮುಂದೆ ಕೂತಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಗೋಡೆಯ ಹೊರಗೆ, ಹಿಂಬದಿಗೆ ನಡೆದರು.

ಶಿವನಂಜಮ್ಮ ದಾರಿಗೆ ಮುಖಮಾಡಿ ನಿಂತಳು. ಸೆರಗನ್ನು ಎರಡೂ ಕೈಗಳಲ್ಲಿ ಎತ್ತಿ ಅಗಲವಾಗಿ ಹಿಡಿದಳು.

“ಬಿರ್‌ಬಿರ್ನೆ ಬನ್ರೇ.”

ಕೊನೆಯವಳು ಅರುಂಧತಿ. ಕೂತಾಗ ಗೋಡೆಯ ಒರಟು ಗಾರೆ ಭುಜಕ್ಕೆ ತಾಗಿತು. ಅದರಾಚೆ, ಹಸಿ ಮಣ್ಣಿನಡಿ, ಅವ್ವ. ಹಲಗೂರಿನ ಬಸ್ಸು ಹಾರನ್ನು ಹಾಕುತ್ತ ಹತ್ತಿರವಾಯಿತು. ಶಿವನಂಜಮ್ಮನ ಮುದಿ ಕೈಗಳು ಕೆಳಗಿಳಿಯಲಿಲ್ಲ.